ಬೆನ್ನಿಗೆ ಸ್ಪಿರಿಟ್ ಉಜ್ಜಿದರೆ ಹಾಸಿಗೆ ಹುಣ್ಣು ತಪ್ಪುತ್ತದೆಯೇ? ಸತ್ಯಾಂಶ ಇಲ್ಲಿದೆ

"ಹಾಸಿಗೆ ಹಿಡಿದವರ ಬೆನ್ನಿಗೆ ದಿನವೂ ಸ್ಪಿರಿಟ್ ಹಚ್ಚಿ ಚೆನ್ನಾಗಿ ಉಜ್ಜಿ, ಪೌಡರ್ ಹಾಕಿ, ಹುಣ್ಣು ಆಗುವುದೇ ಇಲ್ಲ" ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದು ತಪ್ಪು. ಹಿಂದೆ ನರ್ಸಿಂಗ್‌ನಲ್ಲೂ ಈ ರೂಢಿ ಇತ್ತು, ಹಾಗಾಗಿ ನಂಬಿದವರನ್ನು ದೂರುವಂತಿಲ್ಲ.

ಹುಣ್ಣಾಗುವುದು ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತಸಂಚಾರ ಕುಗ್ಗಿದಾಗ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಕೆಂಪಾದ ಜಾಗವನ್ನು ಉಜ್ಜಿದರಂತೂ ಒಳಗೆ ಆಗಲೇ ನಲುಗಿರುವ ಸಣ್ಣ ರಕ್ತನಾಳಗಳಿಗೆ ಇನ್ನಷ್ಟು ಪೆಟ್ಟು.

ಮೈ ಒರೆಸುವ ಹೊತ್ತೇ ಚರ್ಮ ನೋಡುವ ಹೊತ್ತು. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ ಬಿಡದೆ ನೋಡಿ. ಕೆಂಪು ಕಂಡರೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಬಿಳಿಚಿಕೊಳ್ಳದೆ ಹಾಗೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಆ ಭಾಗದ ಮೇಲೆ ಮಲಗಿಸದೆ ನರ್ಸ್‌ಗೋ ವೈದ್ಯರಿಗೋ ತಿಳಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು. ಅಲ್ಲಿ ಮುಟ್ಟಿಯೇ ತಿಳಿಯಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯೇ, ಗಡಸೇ, ನೋವಿದೆಯೇ?

ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಸಾಕು. ತಿಕ್ಕದೆ, ಒತ್ತಿ ತೇವ ತೆಗೆದು ಮಾಯಿಶ್ಚರೈಸರ್ ಹಚ್ಚಿ. ಮಲಮೂತ್ರವಾದರೆ ಕೂಡಲೇ ಶುಚಿ ಮಾಡಿ. ಮಗ್ಗುಲು ಬದಲಿಸುವುದು ಸಾಮಾನ್ಯವಾಗಿ 2 ಗಂಟೆಗೊಮ್ಮೆ. ಆಗ ಹಾಸಿಗೆಯ ಮೇಲೆ ದರದರನೆ ಎಳೆಯಬೇಡಿ, ಇಬ್ಬರು ಸೇರಿ ಎತ್ತಿ ಸರಿಸಿ.