ಎಂಜಿನ್ ಕಡಲಿಗೆ ಹೋಯ್ತು, ವೈರಿಂಗ್ ಲಾರಿಯಲ್ಲೇ ಉಳೀತು

"ಮೂರನೇ ಡೈನಮೋನೂ ಹೋಯ್ತು ಮಾರಾಯಾ. ನಿನ್ನ ಅಪ್ಪನನ್ನು ಒಮ್ಮೆ ಕರ್ಕೊಂಡು ಬಾ."

ಹೋದ ಜುಲೈನಲ್ಲಿ ಮಲ್ಪೆಯಿಂದ ಬಂದ ಫೋನ್ ಇದು. ದಾವಣಗೆರೆಯಲ್ಲಿ ಓದುವಾಗ ನಾಲ್ಕು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು. ಈಗ ಮೀನುಗಾರಿಕೆ ಬೋಟ್ ಇಟ್ಟಿದ್ದಾನೆ. ಡೈನಮೋ ಅಂದರೆ ಇಲ್ಲಿ ಆಲ್ಟರ್ನೇಟರ್, ಎಂಜಿನ್ ತಿರುಗುವಾಗ ಕರೆಂಟ್ ಮಾಡಿ ಬ್ಯಾಟರಿ ತುಂಬೋದು. ಅಪ್ಪ ಪಿ.ಬಿ. ರಸ್ತೆಯಲ್ಲಿ 35 ವರ್ಷ ಲಾರಿ ವೈರಿಂಗ್ ಮಾಡಿದವರು. ಬೋಟ್ ಹತ್ತಿದವರಲ್ಲ. "ಎಂಜಿನ್ ಯಾವುದು ಕೇಳು" ಅಂದರು. ಹಳೇ ಲಾರಿದು, ಆರು ಸಿಲಿಂಡರ್, 24 ವೋಲ್ಟ್. "ಹಂಗಾರೆ ನಂದೇ ಕೆಲಸ" ಅಂತ ಟೂಲ್ ಚೀಲ ತಗೊಂಡರು. ಆಗುಂಬೆ ಇಳಿಯುವಾಗ ಮಳೆ ಹೇಗಿತ್ತು ಅಂತ ಕೇಳಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ದೊಡ್ಡ ರಿಪೇರಿ ಎಲ್ಲ ಆವಾಗಲೇ. ಇವನು ಹಿಂದಿನ ವರ್ಷದ ರಜೆಯಲ್ಲಿ ಲಾರಿ ಎಂಜಿನ್ನನ್ನು ಬೋಟಿಗೆ ಹೊಂದಿಸಿದ್ದ. ರೇಡಿಯೇಟರ್ ತೆಗೆದು ಕಡಲ ನೀರಿನಿಂದ ತಂಪಾಗುವ ಹೀಟ್ ಎಕ್ಸ್‌ಚೇಂಜರ್, ನೀರು ಸುತ್ತುವ ಎಕ್ಸಾಸ್ಟ್, ಮರೈನ್ ಗೇರ್‌ಬಾಕ್ಸ್. ಲಕ್ಷಗಟ್ಟಲೆ ಖರ್ಚು, ಕೆಲಸಾನೂ ಅಚ್ಚುಕಟ್ಟು. ವೈರಿಂಗ್ ಮಾತ್ರ ಅಂಗಡಿಯಲ್ಲಿ ಮಿಕ್ಕಿದ್ದ ವೈರಿನಲ್ಲಿ ಮುಗಿದಿತ್ತು. ನನ್ನ ಸಿಟ್ಟು ಇದರ ಮೇಲೇ. ಕಬ್ಬಿಣಕ್ಕೆ ಕೊಡೋ ಮರ್ಯಾದೆ ತಾಮ್ರಕ್ಕೆ ಯಾಕಿಲ್ಲ?

ಸುಟ್ಟಿದ್ದ ಮೂರನೇ ಡೈನಮೋ ಆಗಲೇ ರಿಪೇರಿಯಾಗಿ ಕೂತಿತ್ತು. ಅಪ್ಪ ಸ್ಪ್ಯಾನರ್ ಮುಟ್ಟಲಿಲ್ಲ. ಎಂಜಿನ್ ಶುರು ಮಾಡಿಸಿದರು, ಎಲ್ಲ ಲೈಟ್ ಹಾಕಿಸಿದರು, ಮಲ್ಟಿಮೀಟರ್ ಹಿಡಿದರು. ಆಲ್ಟರ್ನೇಟರ್ ಹತ್ತಿರ 28.2 ವೋಲ್ಟ್. ಬ್ಯಾಟರಿ ಹತ್ತಿರ 26.8. ನಡುವಿನ 1.4 ವೋಲ್ಟ್ ದಾರಿಯಲ್ಲೇ ಕರಗಿತ್ತು. ಲೆಕ್ಕ ಹಾಕಿದರೆ ಸರಿಯಾಗೇ ಇದೆ: 4 ಚದರ ಮಿಲಿಮೀಟರ್ ವೈರು, ಹೋಗೋಕೆ 5 ಮೀಟರ್, ವಾಪಸ್ಸು ಬರೋಕೆ 5 ಮೀಟರ್, ಹರಿಯೋದು 30 ಆಂಪ್. ಅದೇ ಜಾಗಕ್ಕೆ 16ರ ವೈರ್ ಹಾಕಿದರೆ ಸುಮಾರು 0.35 ವೋಲ್ಟ್ ಅಷ್ಟೇ ಹೋಗುತ್ತೆ.

ಈ ವಾಪಸ್ಸು ಬರೋ ವೈರನ್ನೇ ಲಾರಿಯವರು ಮರೆಯೋದು. ಲಾರಿಯಲ್ಲಿ ಚಾಸಿಯೇ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟೇ, ನೆಗೆಟಿವ್. ಎಲ್ಲಿ ಬೇಕಾದರೂ ಒಂದು ಬೋಲ್ಟ್ ಬಿಗಿದು ಬಾಡಿ ಅರ್ತ್ ಮಾಡಬಹುದು. ಫೈಬರ್ ಬೋಟಿನಲ್ಲಿ ಚಾಸಿ ಎಲ್ಲಿಂದ ಬರಬೇಕು? ಪ್ರತಿಯೊಂದಕ್ಕೂ ನೆಗೆಟಿವ್ ವೈರ್ ಬೇರೆಯೇ ಎಳೀಬೇಕು. ಕಬ್ಬಿಣದ ಬೋಟಾದರೆ ಬಾಡಿ ಸಿಕ್ತು ಅಂತ ಖುಷಿಪಡುವ ಹಾಗೂ ಇಲ್ಲ. ಕರೆಂಟ್ ಬಾಡಿಯಲ್ಲಿ ಓಡಾಡಿ ನೀರಿಗೆ ಸೋರಿದರೆ ಲೋಹವನ್ನೇ ತಿಂದುಹಾಕುತ್ತೆ.

ಆದರೆ ಸಣ್ಣ ವೈರಿನಿಂದ ಬ್ಯಾಟರಿ ತುಂಬಲ್ಲ, ನಿಜ. ಆಲ್ಟರ್ನೇಟರ್ ಯಾಕೆ ಸುಡಬೇಕು? ಅದೂ ಮೂರು?

ಅಪ್ಪ ಹುಡುಗನೊಬ್ಬನಿಗೆ "ತಮ್ಮಾ, ದಿನಾ ಹೆಂಗೆ ಬಂದ್ ಮಾಡ್ತೀಯೋ ಹಂಗೇ ಮಾಡು" ಅಂದರು. ಅವನು ಮೊದಲು ಮೇನ್ ಸ್ವಿಚ್ ಆಫ್ ಮಾಡಿದ. ಆಮೇಲೆ ನಿಧಾನಕ್ಕೆ ಹೋಗಿ ಎಂಜಿನ್ ನಿಲ್ಲಿಸೋ ಸ್ಟಾಪ್ ಕೇಬಲ್ ಎಳೆದ. ಅಪ್ಪ ತಲೆ ಚಚ್ಚಿಕೊಂಡರು.

ಡೀಸೆಲ್ ಎಂಜಿನ್ನಿಗೆ, ಅದರಲ್ಲೂ ಇಂಥ ಹಳೇದಕ್ಕೆ, ಒಮ್ಮೆ ಶುರುವಾದ ಮೇಲೆ ಕರೆಂಟೇ ಬೇಕಿಲ್ಲ. ಸ್ವಿಚ್ ಆಫ್ ಆದರೂ ಅದು ತಿರುಗುತ್ತಲೇ ಇರುತ್ತೆ. ಆಲ್ಟರ್ನೇಟರ್ ಕರೆಂಟ್ ಕೊಡುತ್ತಲೇ ಇರುತ್ತೆ. ಇಲ್ಲಿ ಆಲ್ಟರ್ನೇಟರ್ ವೈರು ಮೇನ್ ಸ್ವಿಚ್ ಮೂಲಕವೇ ಬ್ಯಾಟರಿಗೆ ಹೋಗಿತ್ತು. ಸ್ವಿಚ್ ತೆಗೆದ ಗಳಿಗೆ ಬ್ಯಾಟರಿ ಸಂಪರ್ಕ ಕಡಿದು, ವೋಲ್ಟೇಜ್ ಸಟ್ಟನೆ ಮೇಲಕ್ಕೆ ಹಾರಿ, ಆಲ್ಟರ್ನೇಟರ್ ಒಳಗೆ ಕರೆಂಟನ್ನು ಒಂದೇ ಕಡೆಗೆ ಬಿಡೋ ಡಯೋಡ್ ಢಮಾರ್. ದಿನಾ ಸಂಜೆ ಈ ಪೂಜೆ ನಡೆದಿತ್ತು.

ಇನ್ನೊಂದು ತಮಾಷೆ ಬಾಕಿ ಇತ್ತು. ಲಾರಿಯ ಡ್ಯಾಶ್‌ಬೋರ್ಡ್ ಗುಜರಿಗೆ ಹೋಗುವಾಗ ಚಾರ್ಜಿಂಗ್ ಲೈಟೂ ಹೋಗಿತ್ತು. ಅದು ಬರೀ ಎಚ್ಚರಿಕೆ ಲೈಟ್ ಅಂದುಕೊಂಡು ಆ ವೈರನ್ನು ಕೀಯಿಂದ ನೇರವಾಗಿ ಕೊಟ್ಟಿದ್ದರು. ಆ ಬಲ್ಬಿನ ಮೂಲಕ ಹೋಗೋ ಚೂರು ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸೋದು. ಅದು ಎದ್ದ ಮೇಲೆ ಬಲ್ಬಿನ ಎರಡೂ ಕಡೆ ವೋಲ್ಟೇಜ್ ಒಂದೇ ಆಗಿ ಲೈಟ್ ಆರುತ್ತೆ. ಬಲ್ಬ್ ಇಲ್ಲದೆ ನೇರ ಕೊಟ್ಟರೆ ಕೀಯಿಂದ ಓಡೋ ಲೋಡೆಲ್ಲ ಒಳಗಿನ ಸಣ್ಣ ಡಯೋಡ್‌ಗಳ ತಲೆ ಮೇಲೆ ಬೀಳುತ್ತೆ.

ಅವತ್ತು ಹಾಕಿದ್ದು: ತವರ ಲೇಪಿಸಿದ 16ರ ತಾಮ್ರದ ವೈರ್ ಎರಡು, ಬ್ಯಾಟರಿ ಪಕ್ಕದಲ್ಲೇ ಒಂದು ದಪ್ಪ ಫ್ಯೂಸ್, ಮೇನ್ ಸ್ವಿಚ್ ಬಿಟ್ಟು ನೇರ ಬ್ಯಾಟರಿಗೆ ಕನೆಕ್ಷನ್, ಒಂದು ಪುಟ್ಟ ಬಲ್ಬ್. ಡಯೋಡ್ ಪ್ಲೇಟ್ ಬದಲಾಯಿಸಿದ್ದ ಆ ಮೂರನೇ ಡೈನಮೋವನ್ನೇ ಉಳಿಸಿಕೊಂಡೆವು. "ಮೊದಲು ಕೇಬಲ್, ಆಮೇಲೆ ಸ್ವಿಚ್" ಅಂತ ಅಪ್ಪ ಪೇಂಟಿನಲ್ಲಿ ಬರೆದೇ ಬಂದರು.

ಆಗಸ್ಟ್ ಮೊದಲ ವಾರ ಮತ್ತೆ ಫೋನ್. ನನ್ನ ಎದೆ ಧಸಕ್ ಅಂತು. "ಶುರು ಮಾಡಿದ ಕೂಡಲೇ ಲೈಟ್ ಆರುದಿಲ್ಲ ಮಾರಾಯಾ, ಸ್ವಲ್ಪ ರೇಸ್ ಕೊಟ್ಟ ಮೇಲೆ ಆರ್ತದೆ. ಎಂತ ಮಾಡುದು?"

ಅಪ್ಪ ಮಂಡಕ್ಕಿ ತಿನ್ನುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು, "ಏನೂ ಮಾಡಬ್ಯಾಡ ಅನ್ನು. ಅದು ಆರೋದೇ ಹಂಗೆ."