ಜೀನ್ ಏನು ಬರೀ ಹೆಣ್ಣಿನ ಮನೆಯಲ್ಲೇ ಇರುತ್ತದಾ?

ನಿನ್ನೆ ಸಂಜೆ ಗಾಂಧಿ ಚೌಕದ ಹತ್ತಿರ ಮೆಂತ್ಯೆ ಸೊಪ್ಪು ಆರಿಸುತ್ತಿದ್ದೆ. ಪರಿಚಯದ ಕಾಕೂ ಒಬ್ಬರು ಸಿಕ್ಕರು. "ಆ ಸಿಂದಗಿ ಹುಡುಗಂದು ನಿಶ್ಚಯ ಆತಂತವಾ. ತನ್ನ ಅಕ್ಕನ ಮಗಳನ್ನs ಮಾಡ್ಕೊಳ್ಳಾಕತ್ತಾನ" ಅಂದರು. ನಾನು ಅಲ್ಲೇ ಜೋರಾಗಿ ನಕ್ಕುಬಿಟ್ಟೆ. ಸೊಪ್ಪಿನವಳು ಗಾಬರಿಯಾದಳು. ಮನೆಗೆ ಬರುವಷ್ಟರಲ್ಲಿ ನಗು ಹೋಗಿ ಸಿಟ್ಟು ಏರಿತ್ತು. ಇನ್ನೂ ಇಳಿದಿಲ್ಲ.

ಯಾಕೆ ಅಂದರೆ, ಇದೇ ಹುಡುಗನ ಮನೆಯವರು ನನ್ನ ಅಕ್ಕನ ಮಗಳನ್ನು ನೋಡಿ ಹೋಗಿದ್ದರು. ಅವಲಕ್ಕಿ ತಿಂದರು, ಚಹಾ ಕುಡಿದರು, ಹುಡುಗಿ ಲಕ್ಷಣವಾಗಿದ್ದಾಳೆ ಅಂದರು. ಆಮೇಲೆ ಫೋನ್ ಬಂತು. "ತಾಯಿಗೆ ಅದೇನೋ ಲೂಪಸ್ ಐತಂತಲ್ರೀ, ಕಿಡ್ನಿಗೂ ಹತ್ತೇತಂತ. ವಂಶದಾಗ ಬರೂ ರೋಗ. ನಮಗ ಬ್ಯಾಡ್ರಿ."

ಲೂಪಸ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ. ಅಂದರೆ ಅವರಿಗೆ ಜೀನಿನ ಭಯ. ಸರಿ. ಆ ಭಯಕ್ಕೆ ಅವರು ಕಂಡುಕೊಂಡ ಮದ್ದು ಸ್ವಂತ ಅಕ್ಕನ ಮಗಳು! "ಗೊತ್ತಿರೋ ರಕ್ತ" ಅಂತೆ.

ಅಕ್ಕನ ಕಥೆ ನಿಮಗೆಲ್ಲ ಗೊತ್ತೇ ಇದೆ. ನಾನು ಲ್ಯಾಬಿನಲ್ಲಿ ಇರೋಳು. ಅವಳ ಯೂರಿನ್ ಸ್ಯಾಂಪಲ್ ಮೊದಲು ನೋಡಿದ್ದು ನಾನೇ. ಬಾಟಲಿ ಅಲ್ಲಾಡಿಸಿದರೆ ನೊರೆ ಇಳಿಯುತ್ತಲೇ ಇರಲಿಲ್ಲ. ಸ್ಟ್ರಿಪ್ ಅದ್ದಿದೆ. ಪ್ರೋಟೀನಿನ ಹಳದಿ ಚೌಕ ನೋಡನೋಡುತ್ತಲೇ ಕಡುಹಸಿರಾಯಿತು. ಅಂದರೆ ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿತ್ತು. ಮುಂದೆ ಸೊಲ್ಲಾಪುರ, ಕಿಡ್ನಿ ಬಯಾಪ್ಸಿ, ಸ್ಟೀರಾಯ್ಡ್, ಮೈಕೋಫಿನೊಲೇಟ್ ಅಂತ ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧ. ಈಗ ಆರಾಮಾಗಿದ್ದಾಳೆ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕಿಡ್ನಿಗೂ ತೊಂದರೆ ಆಗುತ್ತದೆ, ಅವಳೊಬ್ಬಳೇ ಏನಲ್ಲ.

ಈಗ ಪುಣೆಯಲ್ಲಿರುವ ನಮ್ಮ ಮಾವನ ಮಗ ಕಮೆಂಟಿಗೆ ಬಂದೇ ಬರುತ್ತಾನೆ. "ಜೀನ್ ಪಾತ್ರ ಇಲ್ಲವೇ ಇಲ್ಲ ಅಂತೀಯಾ?" ಇಲ್ಲ ಅಂತ ಯಾರಪ್ಪ ಹೇಳಿದ್ದು? ಎಚ್‌ಎಲ್‌ಎ, ಐಆರ್‌ಎಫ್5, ಸ್ಟ್ಯಾಟ್4 ಅಂತ ಲೂಪಸ್ಸಿಗೆ ಸಂಬಂಧಪಟ್ಟ ನೂರಕ್ಕೂ ಜಾಸ್ತಿ ಜಾಗಗಳನ್ನು ನಮ್ಮ ಜೀನುಗಳಲ್ಲಿ ಗುರುತಿಸಿದ್ದಾರೆ. ಒಂದೊಂದೂ ಅಪಾಯವನ್ನು ಚೂರುಚೂರು ಹೆಚ್ಚಿಸುತ್ತದೆ, ಅಷ್ಟೇ. ತದ್ರೂಪಿ ಅವಳಿಗಳ ಜೀನ್ ಒಂದೇ ಅಲ್ವಾ? ಆದರೂ ಒಬ್ಬರಿಗೆ ಲೂಪಸ್ ಬಂದರೆ ಇನ್ನೊಬ್ಬರಿಗೆ ಬಾರದೇ ಇರೋದೇ ಹೆಚ್ಚು. ತಾಯಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಐದರ ಆಸುಪಾಸು. ಬಿಸಿಲು, ಬೀಡಿ-ಸಿಗರೇಟು, ಕೆಲವು ವೈರಸ್ಸು, ಹಾರ್ಮೋನು ಎಲ್ಲ ಕೂಡಿ ಕಿಡಿ ಹೊತ್ತಬೇಕು. ಒಂದೇ ಜೀನಿನಿಂದ ಬಂದದ್ದೂ ಇದೆ. ಟಿಎಲ್‌ಆರ್7 ಅನ್ನೋ ಜೀನ್ ಕೆಟ್ಟು ಲೂಪಸ್ ಬಂದ ಸ್ಪೇನಿನ ಹುಡುಗಿಯ ವಿಷಯ 2022ರಲ್ಲಿ ಪ್ರಕಟವಾಯಿತು. ಆದರೆ ಆ ಬದಲಾವಣೆ ಅವಳಲ್ಲೇ ಹೊಸದಾಗಿ ಆದದ್ದು, ಅಪ್ಪ ಅಮ್ಮನಿಂದ ಬಂದದ್ದಲ್ಲ. ಅಲ್ಲಿ ಯಾವ ವಂಶವನ್ನು ಬೈಯುತ್ತೀರಿ?

ನಿಜಕ್ಕೂ ಮನೆತನದಲ್ಲಿ ಇಳಿದು ಬರುವ ಒಂದು ಬಗೆ ಇದೆ. ಅದನ್ನು ಕೇಳಿ, ಮಜಾ ಇದೆ. ಸಿ1ಕ್ಯೂ ಅಂತ ರಕ್ತದಲ್ಲಿರುವ ಪ್ರೋಟೀನು. ಸತ್ತ ಕೋಶಗಳ ಕಸ ಎತ್ತಿಹಾಕಲು ಅದು ಬೇಕು. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಜೀನ್ ಕೆಟ್ಟಿದ್ದರೆ ಅದು ತಯಾರಾಗುವುದೇ ಇಲ್ಲ. ಅಂಥವರಲ್ಲಿ ಬಹುಪಾಲು ಜನರಿಗೆ ಲೂಪಸ್ ಬಂದೇ ಬರುತ್ತದೆ, ಅದೂ ಚಿಕ್ಕ ವಯಸ್ಸಿಗೇ. ತುಂಬಾ ಅಪರೂಪ. ಆದರೆ ಇಂಥ ಎರಡು ಕೆಟ್ಟ ಜೀನ್ ಒಂದೇ ಮಗುವಿಗೆ ಸೇರುವುದು ಎಲ್ಲಿ ಜಾಸ್ತಿ ಹೇಳಿ? ರಕ್ತಸಂಬಂಧದ ಮದುವೆಯಲ್ಲಿ. ಒಂದೇ ಹಿರಿಯರಿಂದ ಅದೇ ಕೆಟ್ಟ ಜೀನ್ ಗಂಡ-ಹೆಂಡತಿ ಇಬ್ಬರಿಗೂ ಇಳಿದಿರಬಹುದಲ್ಲ. ಸೋದರಮಾವ-ಸೊಸೆ ಮದುವೆಯಲ್ಲಿ! ಹೊರಗಿನ ಹುಡುಗಿ ಬೇಡ ಅಂದವರು ಇದನ್ನು ಯಾವ ಡಾಕ್ಟರನ್ನೂ ಕೇಳಿರಲಿಕ್ಕಿಲ್ಲ.

ಅವರು ಹುಡುಗಿಗೆ ಎಎನ್‌ಎ ಟೆಸ್ಟ್ ಮಾಡಿಸಿ ರಿಪೋರ್ಟ್ ಕಳಿಸಿ ಅಂತಲೂ ಕೇಳಿದ್ದರು. ನಾನು ಬೇಡ ಅಂದೆ. ಅದು ಸ್ವಂತ ಕೋಶಗಳ ಮೇಲೇ ತಿರುಗುವ ಆಂಟಿಬಾಡಿ ಇದೆಯಾ ಅಂತ ನೋಡುವ ರಕ್ತಪರೀಕ್ಷೆ. ಏನೂ ತೊಂದರೆ ಇಲ್ಲದ ಎಷ್ಟೋ ಮಂದಿಗೆ ಎಎನ್‌ಎ ಪಾಸಿಟಿವ್ ಬರುತ್ತದೆ. ಆ ಒಂದು ಹಾಳೆ ಹಿಡಿದುಕೊಂಡು ಊರೆಲ್ಲ ಸಾರುತ್ತಿದ್ದರು. ಹುಡುಗನ ಅಪ್ಪನಿಗೆ ಶುಗರ್, ಅವನ ದೊಡ್ಡಪ್ಪ ಡಯಾಲಿಸಿಸ್‌ನಲ್ಲಿದ್ದಾರೆ. ನಾವು ಕೇಳಿದೆವಾ ರಿಪೋರ್ಟು? ಶುಗರಿಗೂ ಜೀನ್ ಇದೆ ಸ್ವಾಮಿ. ಆದರೆ ಗಂಡಿನ ಮನೆಯಲ್ಲಿದ್ದರೆ ಅದು "ಎಲ್ಲರಿಗೂ ಇರತೈತಿ ಬಿಡ್ರಿ".

ನನಗೂ ಭಯವಿದೆ, ಸುಳ್ಳು ಯಾಕೆ ಹೇಳಲಿ. ಏಪ್ರಿಲ್ ಬಿಸಿಲಲ್ಲಿ ಹುಡುಗಿ ಕಾಲೇಜಿಗೆ ಹೋಗಿ ಬಂದು ಕೆನ್ನೆ ಕೆಂಪಾಗಿದ್ದರೆ ಎದೆ ಧಸಕ್ ಅನ್ನುತ್ತದೆ. ಬಾಯಲ್ಲಿ ಹುಣ್ಣು, ಕೀಲು ನೋವು, ಕಾಲು ಬಾವು ಬಂದರೆ ತಕ್ಷಣ ಹೇಳು ಅಂತ ಅವಳಿಗೆ ಹೇಳಿಟ್ಟಿದ್ದೇನೆ. ಆಗಾಗ ಯೂರಿನ್, ಬಿಪಿ ನೋಡುತ್ತೇನೆ. ಭಯ ಇದ್ದವರು ಮಾಡೋದು ಇಷ್ಟು.

ಅವಳ ಬಿ.ಎಡ್. ಮುಗಿಯುತ್ತಾ ಬಂತು. ಒಳ್ಳೆ ಹುಡುಗ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ತಾಯಿಯ ಕಾಯಿಲೆ ನಾವೇ ಮೊದಲು ಹೇಳುತ್ತೇವೆ, ಫೈಲ್ ತೋರಿಸುತ್ತೇವೆ. ನೀವೂ ನಿಮ್ಮ ಮನೆಯವರ ಫೈಲ್ ತನ್ನಿ. ಇಲ್ಲದಿದ್ದರೆ ಸ್ಯಾಂಪಲ್ ತನ್ನಿ, ಟೆಸ್ಟ್ ಫ್ರೀ ಮಾಡಿಕೊಡ್ತೀನಿ.