ಗೆದ್ದವರು ಆಟದ ನಡುವೆ ಏಳಬಹುದೇ?

ಪರ: ಏಳುವುದು ಆಟಗಾರರ ಹಕ್ಕು

ಹಣ ಪಣವಿಟ್ಟು ಇಸ್ಪೀಟೆಲೆಗಳಲ್ಲಿ ಆಡುವ ಪೋಕರ್‌ನ ಟೇಬಲ್‌ನಲ್ಲಿ ಸೋಲುತ್ತಿರುವವರು ಎದ್ದರೆ ಯಾರೂ ತಡೆಯುವುದಿಲ್ಲ. "ಇವತ್ತು ಎಲೆ ಬರಲಿಲ್ಲ ಬಿಡು" ಎಂದು ಸಮಾಧಾನ ಹೇಳಿ ಕಳಿಸುತ್ತಾರೆ. ಅದೇ ಹೊತ್ತಿಗೆ ಗೆದ್ದವರು ಎದ್ದರೆ ಎಲ್ಲರ ಮುಖ ಬಿಗಿಯುತ್ತದೆ. ನನಗೆ ಒಪ್ಪಿಗೆಯಾಗದಿರುವುದು ಈ ತಾರತಮ್ಯವೇ. ಏಳುವುದು ತಪ್ಪಾದರೆ ಇಬ್ಬರಿಗೂ ತಪ್ಪು, ಸರಿಯಾದರೆ ಇಬ್ಬರಿಗೂ ಸರಿ.

ನಿಯಮವನ್ನೇ ನೋಡೋಣ. ಟೂರ್ನಮೆಂಟ್‌ನಲ್ಲಿ ಚಿಪ್ಸ್ (ಹಣದ ಬದಲು ಬಳಸುವ ಬಿಲ್ಲೆಗಳು) ಕೊಟ್ಟು ಹಣ ಪಡೆಯುವಂತಿಲ್ಲ, ಹಾಗಾಗಿ ಈ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಚಿಪ್ಸ್‌ಗೆ ನೇರ ಹಣದ ಬೆಲೆಯಿರುವ ಕ್ಯಾಶ್ ಗೇಮ್‌ನಲ್ಲಿ ಪ್ರತಿ ಹ್ಯಾಂಡ್ (ಒಮ್ಮೆ ಎಲೆ ಹಂಚಿ ಆಡುವ ಆಟ) ಮುಗಿದಾಗಲೂ ಲೆಕ್ಕ ಚುಕ್ತಾ ಆಗಿರುತ್ತದೆ. ಪಾಟ್, ಅಂದರೆ ಎಲ್ಲರೂ ಕಟ್ಟಿದ ಹಣದ ರಾಶಿ, ಯಾರದೆಂದು ತೀರ್ಮಾನವಾಯಿತು ಎಂದರೆ ಮುಗಿಯಿತು, ಮುಂದಿನ ಎಲೆ ಹಂಚುವ ಮೊದಲು ಯಾರು ಬೇಕಾದರೂ ಏಳಬಹುದು. ನಿಯಮ ತಡೆಯುವುದು ಬೇರೆಯದನ್ನು: ಕೂತಲ್ಲೇ ಕೂತು, ಗೆದ್ದ ಚಿಪ್ಸ್‌ನಲ್ಲಿ ಒಂದು ಪಾಲನ್ನು ಜೇಬಿಗಿಳಿಸಿ, ಮಿಕ್ಕದ್ದರಲ್ಲಿ ಆಟ ಮುಂದುವರಿಸುವುದನ್ನು. ಟೇಬಲ್ ಮೇಲೆ ಬಂದದ್ದು ಆಡುವಷ್ಟು ಹೊತ್ತೂ ಟೇಬಲ್ ಮೇಲೇ ಇರಬೇಕು ಎನ್ನುವುದು 'ಟೇಬಲ್ ಸ್ಟೇಕ್ಸ್' ಪದ್ಧತಿಯ ಜೀವಾಳ. ಹಣ ತೆಗೆದುಕೊಂಡು ಹೋದವರು ಸ್ವಲ್ಪ ಹೊತ್ತಿನಲ್ಲೇ ಅದೇ ಟೇಬಲ್‌ಗೆ ಮರಳಿದರೆ, ಒಯ್ದಷ್ಟನ್ನೂ ಮತ್ತೆ ಇಟ್ಟೇ ಕೂರಬೇಕೆಂಬ ಕಟ್ಟಳೆ ಅನೇಕ ಪೋಕರ್ ರೂಮ್‌ಗಳಲ್ಲಿದೆ, ಆನ್‌ಲೈನ್ ಟೇಬಲ್‌ಗಳಲ್ಲೂ ಇದೆ. ಅಂದರೆ ಗೆದ್ದವರು ಎದ್ದು ಹೋಗುವ ಸಂಗತಿ ನಿಯಮ ಮಾಡಿದವರ ಗಮನಕ್ಕೆ ಬಂದೇ ಇತ್ತು. ಅವರು ಕಳ್ಳದಾರಿಯನ್ನು ಮುಚ್ಚಿದರು, ಬಾಗಿಲನ್ನು ಮುಚ್ಚಲಿಲ್ಲ.

"ನಮ್ಮ ದುಡ್ಡು ವಾಪಸ್ ಗೆಲ್ಲೋಕೆ ಒಂದು ಅವಕಾಶ ಕೊಡು" ಎನ್ನುವ ಮಾತು ಸದಾ ಕೇಳಿಬರುತ್ತದೆ. ಪಾಟ್‌ಗೆ ಹಾಕಿ ಸೋತ ಹಣ ಇನ್ನೂ ತಮ್ಮದೇ ಎಂದು ನಂಬಿದವರು ಆಡುವ ಮಾತು ಅದು. 52 ಎಲೆಗಳನ್ನು ಮತ್ತೆ ಕಲೆಸಿದರೆ ಅವು ಸೋತವರ ಕಡೆಗೆ ವಾಲುವುದಿಲ್ಲ, ಹಿಂದಿನ ಹ್ಯಾಂಡ್‌ನಲ್ಲಿ ಏನಾಯಿತೆಂಬುದು ಅವುಗಳಿಗೆ ಗೊತ್ತಿಲ್ಲ. ಸೋತ ಮನಸ್ಸಿಗೆ ಅಸಲಿಗೆ ಮರಳುವ ಅವಕಾಶ ಎಷ್ಟು ಆಕರ್ಷಕ ಎಂಬುದನ್ನು ಜನರ ನಿರ್ಧಾರಗಳನ್ನು ಅಧ್ಯಯನ ಮಾಡುವ ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಆ ಸೆಳೆತಕ್ಕೆ ಸಿಕ್ಕವರ ಎದುರು ಗೆದ್ದವರು ಕೂತೇ ಇರುವುದು ಉಪಕಾರವಲ್ಲ. ಎಷ್ಟೋ ಸಲ ಸೋತವರ ನಷ್ಟ ಇಮ್ಮಡಿಯಾಗುವುದೇ ಹೀಗೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೊಸಬರ ಪಾಡು. ಆಟವನ್ನು ಈಗಷ್ಟೇ ಕಲಿತವರಿಗೆ ಒಂದು ರಾತ್ರಿ ಒಳ್ಳೆಯ ಎಲೆ ಬಂದು ಎದುರಿಗೆ ಚಿಪ್ಸ್ ರಾಶಿ ಬೀಳುತ್ತದೆ. "ಈಗಲೇ ಹೋಗ್ತೀಯಾ? ಅದು ಮರ್ಯಾದೆಯಲ್ಲ" ಎಂದು ಒತ್ತಾಯಿಸುವವರು ಯಾರು? ಹೆಚ್ಚು ಹೊತ್ತು ಆಡಿದರೆ ಅದೃಷ್ಟ ಹಿಂದೆ ಸರಿದು ಅನುಭವ ಮೇಲುಗೈ ಪಡೆಯುತ್ತದೆ ಎಂದು ಬಲ್ಲ ಹಳಬರು. ಹೊಸಬರನ್ನು ಹಿಡಿದು ಕೂರಿಸುವುದಕ್ಕೆ ಮರ್ಯಾದೆಯ ಹೆಸರು ಕೊಡುವುದು ನನಗಂತೂ ಹೇಸಿಗೆ ಎನಿಸುತ್ತದೆ. ನಿದ್ದೆ ಬಂತು, ಮನಸ್ಸು ತುಂಬಿತು, ಸಾಕೆನಿಸಿತು: ಇವಿಷ್ಟೇ ಸಾಕಾದ ಕಾರಣಗಳು. ಅವನ್ನೂ ಹೇಳಲೇಬೇಕೆಂದಿಲ್ಲ.

ವಿರೋಧ: ಹಕ್ಕಿದೆ, ಆದರೆ ಟೇಬಲ್‌ನಲ್ಲಿ ಬೇರೆಯವರೂ ಇದ್ದಾರೆ

ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಹೊಸಬರ ಬಗ್ಗೆ ಹೇಳಿದ್ದನ್ನೂ ಪೂರ್ತಿ ಒಪ್ಪುತ್ತೇನೆ, ಅವರು ಯಾವಾಗ ಬೇಕಾದರೂ ಹೋಗಲಿ. ದೊಡ್ಡ ಪೋಕರ್ ರೂಮ್‌ನಲ್ಲೂ ಏಳಲಿ. ಅಲ್ಲಿ ಕಾಯುವವರ ಪಟ್ಟಿ ಇರುತ್ತದೆ, ಖಾಲಿಯಾದ ಕುರ್ಚಿ ಬೇಗ ತುಂಬುತ್ತದೆ, ರೂಮ್ ನಡೆಸುವವರು ಸಾಮಾನ್ಯವಾಗಿ ಪಾಟ್‌ಗಳಿಂದ ರೇಕ್ ಎಂಬ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಾರಾದ್ದರಿಂದ ಟೇಬಲ್ ನಡೆಸಿಕೊಂಡು ಹೋಗುವುದು ಅವರ ಹೊಣೆ. ನಾನು ಮಾತಾಡುತ್ತಿರುವುದು ಪರಿಚಿತರು ಒಬ್ಬರ ಮನೆಯಲ್ಲಿ ಸೇರಿ ಆಡುವ ಆಟದ ಬಗ್ಗೆ. ಅಲ್ಲಿ ಬದಲಿ ಆಟಗಾರರಿಲ್ಲ.

ಲೆಕ್ಕ ಹಾಕಿ. ಆರು ಜನ ತಲಾ 100 ಬಿಗ್ ಬ್ಲೈಂಡ್‌ನಷ್ಟು (ಎಲೆ ನೋಡುವ ಮೊದಲೇ ಸರದಿಯಂತೆ ಕಟ್ಟಬೇಕಾದ ಎರಡು ಪಣಗಳಲ್ಲಿ ದೊಡ್ಡದು ಬಿಗ್ ಬ್ಲೈಂಡ್) ಚಿಪ್ಸ್ ಇಟ್ಟು ಕೂತರು, ಒಟ್ಟು 600. ಒಬ್ಬರು ಒಂದೆರಡು ದೊಡ್ಡ ಪಾಟ್ ಗೆದ್ದು 300 ಮಾಡಿಕೊಂಡು ಎದ್ದರು. ಮಿಕ್ಕ ಐವರ ಬಳಿ ಸರಾಸರಿ 60 ಮಾತ್ರ. ಚಿಪ್ಸ್ ಕಡಿಮೆಯಾದಂತೆ ಆಟದ ಸ್ವಭಾವವೇ ಬದಲಾಗುತ್ತದೆ. ಟೇಬಲ್ ನಡುವೆ ಎಲೆ ತೆರೆಯುವ ಹಂತಗಳಾದ ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಯೋಚಿಸಿ ಬೆಟ್ ಕಟ್ಟುವುದಕ್ಕೆ ಎಡೆ ಉಳಿಯುವುದಿಲ್ಲ, ಬೇಗ ಬೇಗ ಆಲ್-ಇನ್ ಮಾಡುವುದೇ, ಅಂದರೆ ಇದ್ದದ್ದನ್ನೆಲ್ಲ ಒಮ್ಮೆಗೇ ಕಟ್ಟುವುದೇ ನಡೆಯುತ್ತದೆ. ಆರು ಹ್ಯಾಂಡ್‌ಗೊಮ್ಮೆ ಬರುತ್ತಿದ್ದ ಬಿಗ್ ಬ್ಲೈಂಡ್ ಐದಕ್ಕೊಮ್ಮೆ ಬರುತ್ತದೆ. ಇನ್ನೊಬ್ಬರು ಎದ್ದರೆ ಆಟ ಅಲ್ಲಿಗೇ ನಿಂತರೂ ಅಚ್ಚರಿಯಿಲ್ಲ. ಹೀಗೆ ಒಬ್ಬರ ನಿರ್ಧಾರ ಐದು ಜನರ ಸಂಜೆಯನ್ನು ಮುಗಿಸುತ್ತದೆ. ಸೋತವರು ಎದ್ದಾಗ ಕುರ್ಚಿ ಖಾಲಿಯಾಗುತ್ತದೆ, ಆದರೆ ಅವರ ಚಿಪ್ಸ್ ಟೇಬಲ್‌ನಲ್ಲೇ ಉಳಿದಿರುತ್ತದೆ. ಎದುರು ಪಕ್ಷ ತಾರತಮ್ಯ ಎಂದದ್ದಕ್ಕೆ ಇದೇ ನನ್ನ ಉತ್ತರ.

ಇನ್ನೂ ದೊಡ್ಡ ಆಕ್ಷೇಪ ಇರುವುದು ಸಮಯವನ್ನು ಹೇಗೆ ತೀರ್ಮಾನಿಸುತ್ತಾರೆ ಎನ್ನುವುದರ ಮೇಲೆ. ಗೆದ್ದೊಡನೆ ಏಳುವವರು ಸೋತ ರಾತ್ರಿಗಳಲ್ಲಿ ಏನು ಮಾಡುತ್ತಾರೆಂದು ಗಮನಿಸಿ. ಮತ್ತೆ ಚಿಪ್ಸ್ ಕೊಳ್ಳುತ್ತಾರೆ, "ಇನ್ನೊಂದು ಗಂಟೆ ಆಡೋಣ" ಎಂದು ಎಲ್ಲರನ್ನೂ ಬೇಡುತ್ತಾರೆ. ಉಳಿದವರು ಆಕಳಿಸುತ್ತಲೇ ಕೂರುತ್ತಾರೆ. ತಾನು ಸೋತಾಗ ಆಟ ಉದ್ದವಾಗಬೇಕು, ಗೆದ್ದಾಗ ಗಿಡ್ಡವಾಗಬೇಕು ಎನ್ನುವುದು ನ್ಯಾಯವಲ್ಲ. ಅವರೊಬ್ಬರಿಗೇ ಎರಡೂ ಕಡೆಯಿಂದ ಅನುಕೂಲ.

ಹಾಗೆ ಕಂಡರೂ ಕೊನೆಗೆ ಅವರಿಗೂ ಇದರಿಂದ ಲಾಭವೇನೂ ಇಲ್ಲ ಎಂದು ನನ್ನ ನಂಬಿಕೆ. ಅರ್ಥಶಾಸ್ತ್ರಜ್ಞ ಕಾಲಿನ್ ಕ್ಯಾಮರರ್ ಮತ್ತು ಸಂಗಡಿಗರು 1997ರಲ್ಲಿ ನ್ಯೂಯಾರ್ಕ್‌ನ ಟ್ಯಾಕ್ಸಿ ಚಾಲಕರನ್ನು ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ಸಂಪಾದನೆ ಚೆನ್ನಾಗಿರುವ ದಿನ ಚಾಲಕರು ಬೇಗ ಕೆಲಸ ನಿಲ್ಲಿಸುತ್ತಾರೆ, ಮಂದವಾಗಿರುವ ದಿನ ಹೆಚ್ಚು ಹೊತ್ತು ದುಡಿಯುತ್ತಾರೆ ಎಂದು ಅದು ಹೇಳಿತು. ಆ ತೀರ್ಮಾನವನ್ನು ಆಮೇಲೆ ಬೇರೆ ಅರ್ಥಶಾಸ್ತ್ರಜ್ಞರು ಪ್ರಶ್ನಿಸಿದ್ದಾರೆ. ಚಾಲಕರ ವಿಷಯ ಏನೇ ಇರಲಿ, ಪೋಕರ್ ಟೇಬಲ್‌ನಲ್ಲಿ ಈ ನಡವಳಿಕೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ತಲೆ ಚುರುಕಾಗಿದ್ದು ಎದುರಾಳಿಗಳು ತಡವರಿಸುತ್ತಿರುವಾಗ ಏಳುವುದು, ದಣಿದು ಸಿಟ್ಟಿನಲ್ಲಿರುವಾಗ ಬೆಳಗಿನ ಜಾವದವರೆಗೆ ಕೂರುವುದು. ಎದುರಿನವರಿಗಿಂತ ನೀವು ಚೆನ್ನಾಗಿ ಆಡುತ್ತೀರಾ ಎಂಬುದು ಏಳಲು ಅಥವಾ ಕೂರಲು ಕಾರಣವಾಗಬೇಕು. ಎದುರಿಗಿರುವ ರಾಶಿಯ ಎತ್ತರ ಅದನ್ನು ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕೂರುವಾಗಲೇ ಹೇಳಿ: "ನಾನು ಹತ್ತು ಗಂಟೆಗೆ ಹೊರಡ್ತೀನಿ." ಹಾಗೆಂದವರು ಹತ್ತಕ್ಕೆ ಚಿಪ್ಸ್ ಗುಡ್ಡೆಯೊಂದಿಗೆ ಎದ್ದರೂ ಗೊಣಗುವ ಹಕ್ಕು ಯಾರಿಗೂ ಇಲ್ಲ. ಮೊದಲೇ ಹೇಳಿರದಿದ್ದರೆ, ಏಳುವ ಮುನ್ನ "ಇನ್ನೊಂದು ಸುತ್ತು ಆಡಿ ಹೊರಡ್ತೀನಿ" ಎಂದು ತಿಳಿಸಿ, ನಿಮ್ಮ ಎರಡು ಬ್ಲೈಂಡ್‌ಗಳನ್ನೂ ಕಟ್ಟಿ ಆ ಸುತ್ತನ್ನು ಪೂರ್ತಿ ಆಡಿ. ಒಬ್ಬರ ಕೊನೆಯ ಚಿಪ್ ಗೆದ್ದ ಮರುಕ್ಷಣವೇ ಕುರ್ಚಿ ಸರಿಸಬೇಡಿ. ಮನೆಯಿಂದ ತುರ್ತು ಕರೆ ಬಂದರೆ ಮಾತ್ರ ಈ ಯಾವುದೂ ಲೆಕ್ಕಕ್ಕಿಲ್ಲ, ತಕ್ಷಣ ಹೊರಡಿ.

ಆಟ ಏರ್ಪಡಿಸಿದವರಿಗೂ ಒಂದು ಮಾತು. ಮುಗಿಯುವ ಹೊತ್ತನ್ನು ಆರಂಭದಲ್ಲೇ ಸಾರಿ, ಅದನ್ನು ಸೋತವರಿಗೂ ಅನ್ವಯಿಸಿ. ಅವರು ಎಷ್ಟೇ ಕೇಳಿಕೊಂಡರೂ ಒಂದು ಹ್ಯಾಂಡ್ ಕೂಡ ಮುಂದೆ ಎಳೆಯಬೇಡಿ. ಗೆದ್ದವರಿಂದ ಕೊನೆಯವರೆಗೆ ಕೂರುವ ಸೌಜನ್ಯವನ್ನು ಬಯಸುವುದಾದರೆ ಆ ಕೊನೆ ಎಲ್ಲಿದೆ ಎಂದು ಅವರಿಗೆ ಮೊದಲೇ ಗೊತ್ತಿರಬೇಕು.